ಮೂರನೇ ಕೂಗಿನೊಳಗೆ

ತ್ರಿಪ್ಪುಣಿತ್ತುರ
ಭಾನುವಾರ, 15 ಜೂನ್ 2025

ಚಿ. ಸೌ. ಧನಶ್ರೀಗೆ ಮಾವನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಸೊಂಟನೋವು ಕಡಿಮೆಯಾಯಿತೇ? ತಂಪಾನೂರಿನ ಆ ಲಾಡ್ಜಿನ ಹಾಸಿಗೆ ನಡುವೆ ಹಳ್ಳ ಬಿದ್ದಿದೆ ಎಂದು ಹೋದ ವಾರ ಹೇಳಿದ್ದೆ. ಮ್ಯಾನೇಜರ್ ಆಗಿ ಅಲ್ಲಿಗೆ ಹೋಗಿ ಎರಡು ವಾರವಾದರೂ ಮನೆ ಹುಡುಕಲು ನಿನಗೆ ಪುರುಸೊತ್ತಿಲ್ಲ ಎಂದರೆ ಅದೇನು ಬ್ಯಾಂಕೋ ಏನೋ. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನನ್ನ ಮಗರಾಯ ಸಂದೀಪ ಶುಕ್ರವಾರ ಹಡಗಿನಿಂದ ಫೋನ್ ಮಾಡಿದ್ದ, ಮನೆಗೆ ಬರಲು ಇನ್ನೂ ನಾಲ್ಕು ತಿಂಗಳಂತೆ. ನಿನ್ನ ಮಗಳು ಶ್ರದ್ಧಾ ಹತ್ತನೇ ತರಗತಿಯ ಪುಸ್ತಕಗಳಿಗೆಲ್ಲ ರಟ್ಟು ಹಾಕಿ ಮುಗಿಸಿದ್ದಾಳೆ, ತೆರೆದು ಓದುವುದೊಂದು ಬಾಕಿ. ನಾನು ಕನ್ನಡದಲ್ಲಿ ಹತ್ತು ಮಾತಾಡಿದರೆ ಅವಳು ಮಲಯಾಳದಲ್ಲಿ ಒಂದು ಉತ್ತರ ಕೊಡುತ್ತಾಳೆ. ಹೇಗೋ ಸಂಸಾರ ನಡೆಯುತ್ತಿದೆ.

ಈ ಕಾಲದಲ್ಲಿ ಮಾವ ಕಾಗದ ಬರೆಯುತ್ತಿದ್ದಾನಲ್ಲ ಎಂದು ನಗಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಊಟ ಆಯ್ತಾ ಮಾವ, ಮಾತ್ರೆ ತಗೊಂಡ್ರಾ ಮಾವ, ಇಟ್ಟೆ ಮಾವ. ಕಾಗದದ ನಡುವೆ ಯಾರೂ ಬಾಯಿ ಹಾಕಲಾಗುವುದಿಲ್ಲ. ಕೆಳಗಿನ ಮನೆಯ ಅಲ್ವಿನ್ ವಾರದ ರಜೆ ಮುಗಿಸಿ ನಾಳೆ ಬೆಳಗಿನ ರೈಲಿಗೆ ವಿಳಿಂಜಂ ಬಂದರಿನ ಕೆಲಸಕ್ಕೆ ವಾಪಸು ಹೊರಡುತ್ತಾನೆ. ಅವನ ಕೈಲಿ ಇದನ್ನೂ ಜೊತೆಗೆ ಒಂದು ಡಬ್ಬಿಯನ್ನೂ ಕಳಿಸುತ್ತೇನೆ. ನೀನಿರುವ ಊರಿನ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ನಿನಗೆ ಫೋನ್ ಮಾಡುತ್ತಾನಂತೆ.

ಎಲ್ಲ ತಪ್ಪೂ ನನ್ನದೇ. ಬುಧವಾರ ಫೋನಿನಲ್ಲಿ ನಾನು ಬಾಯಿ ಬಿಗಿಹಿಡಿಯಬೇಕಿತ್ತು. ನೀನು ಗೊತ್ತು ಮಾಡಿಹೋದ ಮೆಸ್ಸಿನ ಕ್ಯಾರಿಯರ್ ಊಟ ಗಂಟಲಲ್ಲಿ ಇಳಿಯುತ್ತಿಲ್ಲ, ಕೆಂಪಕ್ಕಿ ಅನ್ನ ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ, ಒಂದು ತೊವ್ವೆ ಅನ್ನ ಕಂಡು ಎರಡು ವಾರವಾಯಿತು ಎಂದು ಚಿಕ್ಕ ಮಗುವಿನ ಹಾಗೆ ಹಲುಬಿದೆ. ನೀನು ಮರುದಿನ ಶ್ರದ್ಧಾಗೆ ಫೋನ್ ಮಾಡಿ, ಬಡ್ತಿ ಬೇಡವೆಂದು ಅರ್ಜಿ ಬರೆದಿಟ್ಟಿದ್ದೇನೆ, ಮಂಗಳವಾರ ಕೊಟ್ಟು ಹಳೇ ಬ್ರಾಂಚಿಗೆ ಬಂದುಬಿಡುತ್ತೇನೆ, ತಾತನಿಗೆ ಹೇಳಬೇಡ ಎಂದೆಯಂತೆ. ಆ ಹುಡುಗಿಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಐದು ನಿಮಿಷದಲ್ಲಿ ನನಗೆ ಗೊತ್ತಾಯಿತು. ನನಗೆ ನಾಚಿಕೆಯಾಯಿತು ಧನಶ್ರೀ. ಬಡ್ತಿ ಪರೀಕ್ಷೆಗೆ ನೀನು ಎರಡು ವರ್ಷ ಓದಿದ್ದು ನಾನು ನೋಡದ್ದೇ?

ಹಾಗಾಗಿ ಗುರುವಾರ ಸಂಜೆ ನಿನ್ನ ಅಡುಗೆಮನೆಗೆ ನುಗ್ಗಿದೆ. ಮೂವತ್ತಾರು ವರ್ಷ ತುಮಕೂರು ಜಿಲ್ಲೆಯ ಹೊಲಗದ್ದೆ ಅಳೆದ ಸರ್ವೆಯರ್ ನಾನು, ಒಂದು ಲೋಟ ತೊಗರಿಬೇಳೆ ಅಳೆಯಲು ಆಗದೇ ಎಂಬ ಧೈರ್ಯ. ಬೇಳೆ ತೊಳೆದೆ, ಅರಿಶಿನ, ಒಂದು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿದೆ. ಸೌಟಿನಿಂದ ಮಸೆದು ಹಸಿಮೆಣಸು, ಶುಂಠಿ ಹಾಕಿ ಕುದಿಸಿದೆ. ಇಂಗಿನ ಒಗ್ಗರಣೆ ಚಟಪಟ ಎಂದಾಗ ನಿಜವಾಗಿಯೂ ಹಿಗ್ಗಿದೆ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ, ದೇವರ ಮುಂದೆ ಇಡುವ ತನಕ ಅಡುಗೆ ಮಾಡಿದವರು ಕೂಡ ನಾಲಿಗೆಗೆ ಮುಟ್ಟಿಸುವಂತಿಲ್ಲ. ನೈವೇದ್ಯ ಮಾಡಿ, ಗಂಟೆ ಬಾರಿಸಿ, ತಟ್ಟೆಗೆ ಬಡಿಸಿದೆ. ಮೊದಲ ತುತ್ತಿಗೇ ಶ್ರದ್ಧಾ ನನ್ನ ಮುಖ ನೋಡಿ ಉಪ್ಪಿಲ್ಲಾ ಎಂದಳು. ಮಲಯಾಳದಲ್ಲಿ ಅಂದಳೋ ಕನ್ನಡದಲ್ಲೋ ತಿಳಿಯಲಿಲ್ಲ, ಎರಡರಲ್ಲೂ ಅದು ಒಂದೇ ಅಂತೆ. ದೇವರು ಪಾಪ, ಏನೂ ಹೇಳಿರಲಿಲ್ಲ.

ಶುಕ್ರವಾರ ನೆನಪಿಟ್ಟುಕೊಂಡು ಉಪ್ಪು ಹಾಕಿಯೇ ದೀಪ ಹಚ್ಚಲು ಹೋದೆ. ತಾತ ಇವತ್ತೂ ಮರೆತಿರುತ್ತಾರೆ ಎಂದು ನಿನ್ನ ಮಗಳು ನಾನು ಅತ್ತ ಹೋಗುತ್ತಿದ್ದಂತೆ ಇನ್ನೊಂದು ಚಮಚ ಸುರಿದಳು. ಇಬ್ಬರೂ ರುಚಿ ನೋಡುವಂತಿಲ್ಲವಲ್ಲ, ಆದ್ದರಿಂದ ಇಬ್ಬರಿಗೂ ಗೊತ್ತಾಗಲಿಲ್ಲ. ಆವತ್ತು ನಾವು ಮೊಸರನ್ನ ತಿಂದು ಎದ್ದೆವು. ರುಚಿ ನೋಡಬಾರದೆಂಬ ಈ ಕಟ್ಟಳೆಯನ್ನು ಮನೆಯಲ್ಲಿ ಇಷ್ಟು ವರ್ಷ ಕಾವಲು ಕಾದವನು ನಾನೇ. ಒಲೆಯ ಮುಂದೆ ಒಂದು ದಿನವೂ ನಿಲ್ಲದೆ ಕಾವಲು ಕಾಯುವುದು ಬಹಳ ಸುಲಭ ಕಣಮ್ಮ. ನಿಮ್ಮತ್ತೆ ದಾಕ್ಷಾಯಣಿ ನಲವತ್ತು ವರ್ಷ ರುಚಿ ನೋಡದೆ ಬೇಯಿಸಿದಳು. ಬೇಳೆ ಬೇಯುವ ಹೊತ್ತಿನಲ್ಲೇ ಅಕ್ಕಪಕ್ಕದ ಮಕ್ಕಳನ್ನು ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದಳು. ಅಷ್ಟಾದರೂ ಉಪ್ಪು ತಪ್ಪಿದ್ದು ನಾಲ್ಕೋ ಐದೋ ಸಲ. ಆ ನಾಲ್ಕೈದು ಸಲವೂ ನಾನು ಉಪ್ಪು ಮುಂದಾಯಿತಲ್ಲೇ ಎಂದು ಹೇಳದೆ ಬಿಟ್ಟಿಲ್ಲ. ಸರಿಯಾಗಿದ್ದ ಸಾವಿರಾರು ದಿನ ಏನಾದರೂ ಹೇಳಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡಿದೆ. ಒಂದೂ ನೆನಪಾಗಲಿಲ್ಲ.

ನಿನ್ನೆ ಶ್ರದ್ಧಾಳೇ ಒಂದು ಉಪಾಯ ಮಾಡಿದಳು. ಉಪ್ಪಿನ ಜಾಡಿ ಒಲೆಯ ಎಡಕ್ಕಿದ್ದರೆ ಹಾಕಿಲ್ಲ, ಹಾಕಿದವರು ಅದನ್ನು ಬಲಕ್ಕೆ ಇಡಬೇಕು. ಗಡಿಕಲ್ಲು ನೆಟ್ಟ ಹಾಗಾಯಿತು. ನನ್ನ ಮೊಮ್ಮಗಳೇ ಸರಿ. ನಿನ್ನೆಯ ತೊವ್ವೆ ಹದವಾಗಿತ್ತು, ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಇವತ್ತು ಮಧ್ಯಾಹ್ನ ಅಲ್ವಿನ್‌ನನ್ನೂ ಊಟಕ್ಕೆ ಕರೆದೆ. ಅವನು ಚೆನ್ನಾಗಿ ಉಂಡು, ಪರಿಪ್ಪು ಬಹಳ ಚೆನ್ನಾಗಿದೆ ಅಂಕಲ್, ತೆಂಗಿನಕಾಯಿ ಅರೆದು ಹಾಕಲು ಮರೆತಿರಾ ಎಂದು ಕೇಳಿದ. ಇದು ಪರಿಪ್ಪಲ್ಲ ತೊವ್ವೆ, ಇದಕ್ಕೆ ಕಾಯಿ ಹಾಕುವುದಿಲ್ಲ ಎಂದು ಅವನಿಗೆ ಹತ್ತು ನಿಮಿಷ ವಿವರಿಸಿದೆ. ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ. ಮೆಸ್ಸಿನವನಿಗೆ ನಾಳೆಯಿಂದ ಕ್ಯಾರಿಯರ್ ಬೇಡವೆಂದು ಹೇಳಿದ್ದೇನೆ. ಮಾತ್ರೆಗಳನ್ನು ಶ್ರದ್ಧಾ ನನ್ನ ಕೈಯಲ್ಲಿಟ್ಟು ನುಂಗುವ ತನಕ ಪೊಲೀಸಿನವಳ ಹಾಗೆ ನಿಂತಿರುತ್ತಾಳೆ. ನಮ್ಮ ಚಿಂತೆ ನಿನಗೆ ಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಭಗವಂತ ನಿನಗೆ ಆರೋಗ್ಯವನ್ನೂ, ನಡುವೆ ಹಳ್ಳ ಬೀಳದ ಒಂದು ಹಾಸಿಗೆಯನ್ನೂ ಕೊಡಲಿ.

ಹೊಸದಾಗಿ ಸೌಟು ಹಿಡಿದ ನಿನ್ನ ಮಾವ,
ವಿಠಲರಾವ್

ಮರೆತ ಮಾತು: ಸೋಮವಾರ, ಬೆಳಗಿನ ನಾಲ್ಕೂಕಾಲು. ನಿನ್ನ ಡಬ್ಬಿಗೆಂದು ಬೇಳೆ ಇಟ್ಟಿದ್ದೇನೆ, ಕುಕ್ಕರ್ ಒಂದು ಕೂಗು ಕೂಗಿತು. ಮೂರನೆಯದರೊಳಗೆ ಇದನ್ನು ಬರೆದು ಮುಗಿಸಬೇಕು. ಮರೆತ ಮಾತು ಎಂದದ್ದು ಸುಳ್ಳು. ನಿನ್ನೆ ಬರೆಯಲು ಧೈರ್ಯ ಬರಲಿಲ್ಲ. ಸಂದೀಪನಿಗೂ ಇದು ಗೊತ್ತಿಲ್ಲ. ಮದುವೆಯಾದ ಮೂರನೇ ವರ್ಷ ನಿಮ್ಮತ್ತೆಗೆ ಶಿರಾದ ಸ್ಕೂಲಿಗೆ ಮೇಷ್ಟ್ರ ಕೆಲಸದ ಆರ್ಡರ್ ಬಂದಿತ್ತು. ನಾನು ಒಂದೇ ಮಾತು ಅಂದೆ: "ನೀನು ಹೋದ್ರೆ ಇಲ್ಲಿ ಒಲೆ ಹಚ್ಚೋರು ಯಾರೇ?" ಅವಳು ಕಾಗದ ಮಡಿಸಿ ಬೇಳೆ ಡಬ್ಬಿಯ ಕೆಳಗಿಟ್ಟು, ಆ ಸಂಜೆಯೂ ತೊವ್ವೆ ಮಾಡಿ ಬಡಿಸಿದಳು. ಸಾಯುವ ತನಕ ಆ ಮಾತು ಎತ್ತಲಿಲ್ಲ. ಎರಡನೇ ಕೂಗು ಆಯಿತು. ಮೂರು ದಿನದಿಂದ ಗಡಿಯಾರ ನೋಡಿ ಅಳೆಯುತ್ತಿದ್ದೇನೆ ಧನಶ್ರೀ. ಬೇಳೆ ತೊಳೆಯುವುದರಿಂದ ನಿಂಬೆಹಣ್ಣು ಹಿಂಡುವ ತನಕ ಮೂವತ್ತೈದು ನಿಮಿಷ. ಮೂವತ್ತೈದೇ ನಿಮಿಷ. ಅಷ್ಟು ಹೊತ್ತು ನಾನು ಒಲೆಯ ಮುಂದೆ ನಿಲ್ಲಲಾರೆ ಎಂದು ಅವಳ ಇಡೀ ಕೆಲಸವನ್ನು ನುಂಗಿದೆ. ನಿನ್ನದನ್ನೂ ನುಂಗಿಸಬೇಡ ತಾಯಿ. ನಾಳೆ ಆ ಅರ್ಜಿ ಕೊಡಬೇಡ, ಮನೆ ಹುಡುಕು. ಮೂರನೆಯದು ಕೂಗುತ್ತಿದೆ. ಇವತ್ತು ಜಾಡಿಯನ್ನು ಬಲಕ್ಕಿಡುವುದು ನಾನೇ. ರುಚಿ ನೋಡದೆ ಕಳಿಸುತ್ತಿದ್ದೇನೆ, ಉಪ್ಪು ಸರಿಯಿದ್ದರೆ ಸರಿಯಿದೆ ಎಂದು ಬಾಯಿ ಬಿಟ್ಟು ಹೇಳು.