ನೀರು ನುಗ್ಗಿದ ದಿನ ನಿನ್ನ ದನಿ

ಅಮ್ಮಾ,

ನೀನು ಹೋದ ಮೇಲೆ ಕಾಲೇಜು ಸೇರಿದೆ. ವಿಷಯ ಹುಡುಕಿ ಪ್ರಬಂಧ ಬರೆಯುವುದನ್ನು ಕಲಿಸುವ ತರಗತಿಯೊಂದಿದೆ. ‘ಇದನ್ನು ಹೇಳಿದ್ದು ಯಾರು, ಅವರಿಗೆ ಹೇಗೆ ಗೊತ್ತು?’ ಎಂದು ಮೇಡಂ ಸಾಲುಸಾಲಿಗೂ ಕೇಳುತ್ತಾರೆ. ಇವತ್ತು ಅಲ್ಲಿ ನಿನ್ನ ಬಗ್ಗೆ ಬರೆದದ್ದನ್ನು ಓದಿದೆ.

ನೀನು ಟೆಲಿಫೋನ್ ಆಫೀಸಿನಲ್ಲಿ ಕರೆ ಜೋಡಿಸುತ್ತಿದ್ದೆ ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ನಿನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಆಂಟಿಯನ್ನು ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರೇ “ಅಯ್ಯೋ, ಅದೇ ಮೂಗು!” ಎಂದು ನಕ್ಕರು. ಆಮೇಲೆ ಹೊಳೆ ಊರೊಳಗೆ ನುಗ್ಗಿದ ದಿನದ ಮಾತು ತೆಗೆದರು.

“ನೀರು ಮೊಣಕಾಲಿಗೆ ಬಂತು, ನಾವೆಲ್ಲ ಮಹಡಿಗೆ ಓಡಿದ್ವಿ. ನಿಮ್ಮಮ್ಮ ಜಪ್ಪಯ್ಯ ಅಂದ್ರೂ ಏಳ್ಲಿಲ್ಲ ಕಣೇ. ಲೈನು ಸಾಯೋವರೆಗೂ ಕರೆ ಜೋಡಿಸ್ತಾನೇ ಇದ್ಲು.”

ಮೇಡಂ ಕಲಿಸಿದಂತೆ ಇನ್ನೊಬ್ಬರನ್ನೂ ಕೇಳಿದೆ. ಅಂದು ದೋಣಿಕಟ್ಟೆಯಲ್ಲಿ ಫೋನ್ ಎತ್ತಿದ್ದ ಅಂಬಿಗ ಈಗ ಹಣ್ಣುಹಣ್ಣು ಮುದುಕ. “ಆ ದನಿ ಇನ್ನೂ ಕಿವೀಲಿದೆ ತಾಯಿ. ‘ಶಾಲೆ ಚಾವಣಿ ಮೇಲೆ ಮಕ್ಕಳಿದಾರೆ, ಹೊರಡಿ’ ಅಂದ್ರು. ಒಂಚೂರೂ ನಡುಗಲಿಲ್ಲ” ಎಂದ. ಜೋರು ಮಾತೇ ಆಡದ ನೀನಾ ಅಮ್ಮಾ ಅದು? ಎಷ್ಟು ವರ್ಷ ಎಂಥವಳ ಪಕ್ಕದಲ್ಲಿ ಕೂತು ಉಂಡಿದ್ದೇನೆ!

ಇಷ್ಟನ್ನೂ ತರಗತಿಯಲ್ಲಿ ಓದಿ ಮುಗಿಸಿದೆ.

“ಇದರ ಬಗ್ಗೆ ಅಮ್ಮ ಏನಂತಿದ್ರು?” ಎಂದು ಮೇಡಂ ಕೇಳಿದರು.

“ಗೊತ್ತಿಲ್ಲ ಮೇಡಂ.”

“ಗೊತ್ತಿಲ್ಲದ್ದನ್ನೂ ಬರೀಬೇಕಮ್ಮ.”

ಅಲ್ಲೇ ನಿಂತು ಕೊನೆಗೊಂದು ಸಾಲು ಸೇರಿಸಿದೆ: ‘ಆ ಹೊತ್ತು ಭಯವಾಗಿತ್ತೇ ಎಂದು ಅವಳನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.’