ಪೊಟ್ಟಣದಲ್ಲಿ ಕಟ್ಟಿಟ್ಟ ಕೂದಲು

ಭಂಡಿಗಡಿಯ ಅತ್ತೆಗೆ ಆಸ್ಪತ್ರೆಯಿಂದ ಕುಸುಮಾ ಮಾಡುವ ನಮಸ್ಕಾರ.

ಫೋನಿನಲ್ಲಿ ನಿಮಗೆ ಅರ್ಧ ಮಾತೂ ಕೇಳಿಸುವುದಿಲ್ಲ. ಅದಕ್ಕೇ ಊರಿಗೆ ಹೊರಟ ನವೀನನ ಕೈಲಿ ಈ ಕಾಗದ ಕಳಿಸಿದ್ದೇನೆ, ಪಕ್ಕದ ಮನೆಯ ಅನಿತಾ ಓದಿ ಹೇಳುತ್ತಾಳೆ. ಪಾಪುವಿಗೆ ಹದಿನೆಂಟು ದಿನದಿಂದ ಫಿಟ್ಸ್ ಬಂದಿಲ್ಲ.

ಹೊರಡುವ ದಿನ, "ಉದುರಿದ ಕೂದಲನ್ನೂ ಹರಕೆ ಮುಡಿಗೆ ಅಂತ ಯಾರಾದ್ರೂ ಕಟ್ಟಿಡ್ತಾರಾ?" ಎಂದು ನಿಮ್ಮ ಮೇಲೆ ರೇಗಿದ್ದೆ. ನೀವು ಪಾಪುವಿನ ಕೂದಲಿನ ಆ ಪೊಟ್ಟಣವನ್ನು ನನ್ನ ಬ್ಯಾಗಿಗೆ ಹಾಕಿದ್ದಿರಿ. ಇಲ್ಲಿ ಹಳೆಯ ಚೀಟಿ ಹುಡುಕುವಾಗ ಅದು ಡಾಕ್ಟರ ಮೇಜಿನ ಮೇಲೆ ಬಿತ್ತು. ನಾಚಿಕೆಯಾಗಿ ಎತ್ತಿಕೊಳ್ಳಲು ಹೋದೆ. "ಇರಿ ಮಾರಾಯ್ರೆ, ಇಷ್ಟೊಂದು ಉದುರಿದ್ಯಾ? ಎಷ್ಟು ದಿನದಿಂದ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಪೊಟ್ಟಣ ಬಿಚ್ಚಿ ನೋಡಿ, ಬೇರೆಯೇ ಒಂದು ರಕ್ತಪರೀಕ್ಷೆ ಬರೆದರು.

ಒಂದು ವಿಟಮಿನ್ ಅನ್ನು ಮೈಗೆ ಒದಗಿಸುವ ಕಿಣ್ವ ಪಾಪುವಿನಲ್ಲಿ ಕೆಲಸ ಮಾಡುತ್ತಿಲ್ಲವಂತೆ. ಅದರಿಂದ ರಕ್ತದಲ್ಲಿ ಆಮ್ಲ ಹೆಚ್ಚಿ, ಬೆಳೆಯುವ ಮಿದುಳಿಗೆ ತೊಂದರೆಯಾಗಿ ಫಿಟ್ಸ್ ಬರುತ್ತಿತ್ತಂತೆ. ಕೂದಲು ಉದುರುತ್ತಿದ್ದದ್ದೂ ಆ ವಿಟಮಿನ್ ಸಿಗದೆಯೇ ಅಂತೆ. ಜೀವನಪೂರ್ತಿ ದಿನವೂ ಆ ವಿಟಮಿನ್ ಮಾತ್ರೆ ಕೊಟ್ಟರೆ ಸಾಕಂತೆ. ಎದೆಹಾಲಿನಲ್ಲಿ ಕರಗಿಸಿ ಕೊಡುತ್ತೇನೆ, ಚಪ್ಪರಿಸಿ ಕುಡಿಯುತ್ತಾಳೆ.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇವೆ. ಹಂಡೆಯಲ್ಲಿ ನೀರು ಕಾಯಿಸಿಡಿ. ಅವಳಿಗೆ ಎಣ್ಣೆ ಹಚ್ಚಿ ಮೀಯಿಸುವುದು ಇನ್ನು ಮುಂದೆಯೂ ನಿಮ್ಮದೇ ಕೆಲಸ.

ಪೊಟ್ಟಣ ಡಾಕ್ಟರ ಹತ್ತಿರವೇ ಉಳಿಯಿತು. ಇವತ್ತು ನೆತ್ತಿಗೆ ಎಣ್ಣೆ ಹಚ್ಚಿದಾಗ ನನ್ನ ಕೈಗೆ ಒಂದು ಕೂದಲೂ ಬರಲಿಲ್ಲ. ಹರಕೆಯ ಮುಡಿಗೆ ಅವಳ ತಲೆತುಂಬ ಕೂದಲು ಬೆಳೆಯುವವರೆಗೆ ನೀವು ಕಾಯಲೇಬೇಕು, ಅತ್ತೆ.

ನಿಮ್ಮ ಸೊಸೆ,
ಕುಸುಮಾ