ತಿರುಪಿನ ಮೇಲಿನ ಗೆರೆ

ವೋಲ್ಫ್ಸ್‌ಬುರ್ಗ್, ಶನಿವಾರ

ಪರಮಪೂಜ್ಯ ಪಪ್ಪನವರ ದಿವ್ಯ ಸನ್ನಿಧಿಗೆ, ಮನೆಯಡಿಯ ಕೆಲ್ಲರ್ ಎಂಬ ನೆಲಮಾಳಿಗೆಯ ಖಾಯಂ ಅಪರಾಧಿ ಜೋಯೆಲ್ ಸಲ್ಲಿಸುವ ವರದಿ.

ನೀವು ಹೋದ ಮೇಲೆ ನಿಮ್ಮ ಕೋವಿಮದ್ದನ್ನು ಶೂಟಿಂಗ್ ಕ್ಲಬ್ಬಿನವರು ಒಯ್ದರು. ಮದ್ದು ಅಳೆಯುವ ನೂರು ವರ್ಷದ ಹಿತ್ತಾಳೆ ಯಂತ್ರ ಮಾತ್ರ ಉಳಿಯಿತು. ಇವತ್ತು ಅದನ್ನು ಬಿಚ್ಚಿ ಒರೆಸಿದೆ.

ನೆನಪುಂಟಲ್ಲ? ಜನವರಿಯಲ್ಲಿ ತಮಾಷೆಗೆಂದು ಅದರ ಅಳತೆಯ ತಿರುಪನ್ನು ತಿರುಗಿಸಿಟ್ಟಿದ್ದೆ. "ಮದ್ದು ಹೆಚ್ಚಾದ್ರೆ ಕೋವಿ ನನ್ನ ಮುಖದಲ್ಲೇ ಒಡೀತದೆ ಮಾರಾಯ! ಇನ್ನು ನೀನು ಕೆಳಗೆ ಬರುದೇ ಬೇಡ," ಅಂದಿರಿ. ಘನತೆವೆತ್ತ ನಾನು ಮುನಿಸಿಕೊಂಡು ಕೆಳಗೆ ಇಳಿಯಲೇ ಇಲ್ಲ, ಏಪ್ರಿಲ್‌ನಲ್ಲಿ ನಿಮ್ಮ ಹೃದಯ ನಿಲ್ಲುವವರೆಗೂ.

ಇವತ್ತು ನೋಡಿದರೆ, ತಿರುಪಿನ ಮೇಲೊಂದು, ಪಕ್ಕದ ಹಿತ್ತಾಳೆಯ ಮೇಲೊಂದು ಗೆರೆಯನ್ನು ಅರದಿಂದ ಕೊರೆದಿದ್ದೀರಿ. ಯಾರಾದರೂ ತಿರುಗಿಸಿದರೆ ಗೆರೆ ತಪ್ಪಿ ತಕ್ಷಣ ಗೊತ್ತಾಗುತ್ತದೆ. ಈ ಮನೆಯಲ್ಲಿ ಯಾರಾದರೂ ಅಂದರೆ ನಾನೇ. ನಾನು ಮತ್ತೆ ಬಂದೇ ಬರುತ್ತೇನೆಂದು ನಂಬಿದ್ದಿರಿ.

ನೀವು ಮಾಡುತ್ತಿದ್ದ ಹಾಗೆಯೇ ಸಾಸಿವೆ ತುಂಬಿ ಹತ್ತು ಸಲ ಅಳೆದು ಪರೀಕ್ಷಿಸಿದೆ. ಹತ್ತೂ ಒಂದೇ ತೂಕ ಬಂತು.

ಮೇಲಿನಿಂದ ಅಮ್ಮ ಕೂಗಿದರು: "ಸಾಸಿವೆ ಡಬ್ಬಿ ಎಲ್ಲಿ ಮಾರಾಯ?"

"ಪಪ್ಪನಿಗೆ ಬೇಕಿತ್ತು," ಅಂದೆ.

ಅಮ್ಮ ಬೈಯಲಿಲ್ಲ.

ಆಮೇಲೆ ತಿರುಪನ್ನು ಅರ್ಧ ಸುತ್ತು ತಿರುಗಿಸಿ, ಗೆರೆ ತಪ್ಪಿಸಿಟ್ಟು, ಮೆಟ್ಟಿಲ ಮೇಲೆ ನಿಮ್ಮ ಬೈಗುಳಕ್ಕಾಗಿ ತುಂಬಾ ಹೊತ್ತು ಕಾದು ಕೂತೆ.